ನಮ್ಯತೆ: ಬಾಗಬಲ್ಲದ್ದು, ಬಾಗಿದ್ದಲ್ಲ

ದಾವಣಗೆರೆಯ ಹದಡಿ ರಸ್ತೆಯ ಬದಿಯಲ್ಲಿ ನಿಲ್ಲಿಸಿದ ಬಡಾವಣೆಯೊಂದರ ಫಲಕದಲ್ಲಿ ‘ಹೂಡಿಕೆದಾರರಿಗೆ ಸಂಪೂರ್ಣ ನಮ್ರತೆ’ ಎಂಬ ಸಾಲನ್ನು ಓದಿದೆ. ಬರೆಸಿದವರ ಮನಸ್ಸಿನಲ್ಲಿದ್ದ ಪದ ನಮ್ಯತೆ. ಅವರು ಹೇಳಹೊರಟದ್ದು ಸುಲಭ ಕಂತು. ಮೊದಲನೆಯ ತಪ್ಪನ್ನು ಫಲಕ ಬರೆದವರ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ಎರಡನೆಯದು, ಅಂದರೆ ಸುಲಭ ಕಂತನ್ನೇ ನಮ್ಯತೆಯೆಂದು ಕರೆಯುವುದು, ಸೈಟು ಮಾರುವವರ ಪ್ರತಿಯೊಂದು ಕರಪತ್ರದಲ್ಲೂ ಕಾಣಿಸಿಕೊಳ್ಳುತ್ತಿರುವುದರಿಂದ ಸುಮ್ಮನಿರಲಾಗುತ್ತಿಲ್ಲ.

ಎರಡೂ ಪದಗಳಿಗೆ ಮೂಲ ಸಂಸ್ಕೃತದ ‘ನಮ್’ ಧಾತು, ಎಂದರೆ ಬಾಗು, ಮಣಿ. ನಮನ, ನಮಸ್ಕಾರಗಳೂ ಇದೇ ಮನೆತನದವು. ವ್ಯತ್ಯಾಸವಿರುವುದು ಪ್ರತ್ಯಯದಲ್ಲಿ. ‘ರ’ ಸೇರಿದಾಗ ಬಾಗುವುದೇ ಸ್ವಭಾವವಾದದ್ದು, ಅಂದರೆ ನಮ್ರ. ‘ಯ’ ಸೇರಿದಾಗ ಬಾಗಿಸಲು ಆಗುವಂಥದ್ದು, ಅಂದರೆ ನಮ್ಯ. ಪಡೆಯಲು ಆಗುವಂಥದ್ದು ಲಭ್ಯ, ತಲುಪಲು ಆಗುವಂಥದ್ದು ಗಮ್ಯ ಎಂಬಲ್ಲಿ ಇರುವುದೂ ಇದೇ ‘ಯ’. ಹೀಗಾಗಿ ನಮ್ಯತೆಯೆಂಬುದು ಒಂದು ಸಾಧ್ಯತೆಯ ಹೆಸರು. ಬಾಗಲೇಬೇಕಾದ ಸಂದರ್ಭ ಬಾರದಿದ್ದರೂ ಅದು ಇರುತ್ತದೆ. ಕಂತು ಕಟ್ಟಲಾಗದೆ, ಕೇಳಿದವರು ಕೇಳಿದ ಬೆಲೆಗೆ ಸೈಟು ಬಿಟ್ಟುಕೊಟ್ಟವನು ಬಾಗಿದ್ದಾನೆ, ನಿಜ. ಅವನಿಗೆ ಇಲ್ಲದಿದ್ದುದೇ ನಮ್ಯತೆ.

ಸ್ಥಿರಾಸ್ತಿಯ ಹೆಸರಿನಲ್ಲೇ ‘ಸ್ಥಿರ’ವಿರುವುದರಿಂದ ಬಾಗುವ ಗುಣ ನೆಲದಿಂದ ಬರಲಾರದು, ಕೊಳ್ಳುವವನು ಮಾಡಿಕೊಳ್ಳುವ ಏರ್ಪಾಡಿನಿಂದ ಬರಬೇಕು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮಕ್ಕಳ ಮೇಲೆ ಪ್ರಯೋಗಿಸಿ ಸವೆಸಿದ್ದೇವೆ, ಆದರೆ ಮೊದಲ ಬಾರಿ ಆಸ್ತಿ ಕೊಳ್ಳುವವರಿಗೆ ಅದು ಹೆಚ್ಚು ಸಲ್ಲುತ್ತದೆ, ಏಕೆಂದರೆ ಕ್ರಯಪತ್ರ ನೋಂದಣಿಯಾದ ಮೇಲೆ ಮುದ್ರಾಂಕ ಶುಲ್ಕವೂ ನೋಂದಣಿ ಶುಲ್ಕವೂ ಮರಳುವುದಿಲ್ಲ, ಮತ್ತು 24 ತಿಂಗಳೊಳಗೆ ಮಾರಿದರೆ ಬಂದ ಲಾಭ ಅಲ್ಪಾವಧಿಯದೆಂದು ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ.

ಕೈಯಲ್ಲಿರುವುದನ್ನೆಲ್ಲ ಸುರಿದು, ಮೇಲೆ ಸಾಲವನ್ನೂ ಮಾಡಿ ನಲವತ್ತು-ಅರವತ್ತರ ಸೈಟು ಹಿಡಿದವನಿಗಿಂತ, ಮೂವತ್ತು-ನಲವತ್ತರದ್ದನ್ನು ಕೊಂಡು ಒಂದು ವರ್ಷದ ಕಂತಿನಷ್ಟು ಹಣವನ್ನು ಠೇವಣಿಯಲ್ಲಿ ಇಟ್ಟವನು ಹೆಚ್ಚು ನಮ್ಯ, ಏಕೆಂದರೆ ಅವನು ಕಾಯಬಲ್ಲ. ಮನೆ ಕಟ್ಟುವಾಗ ಮಹಡಿಗೆ ಹೊರಗಿನಿಂದ ಮೆಟ್ಟಿಲು ಇಡಿಸುವುದೂ ನಮ್ಯತೆಯೇ; ಕೆಳಗೆ ತಾವಿದ್ದು ಮೇಲಿನದನ್ನು ಈ ವರ್ಷ ಕಾಲೇಜು ವಿದ್ಯಾರ್ಥಿಗಳಿಗೂ ಮುಂದಿನ ವರ್ಷ ಒಂದು ಸಂಸಾರಕ್ಕೂ ಬಾಡಿಗೆಗೆ ಕೊಡಬಹುದು. ಒಂದೇ ಬಗೆಯ ಬಾಡಿಗೆದಾರರನ್ನು ನೆಚ್ಚಿಕೊಂಡರೆ ಏನಾಗುತ್ತದೆಂದು ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ಈ ಊರಿಗೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ತೀರ ವಿರುದ್ಧವಾದದ್ದು ರೆವಿನ್ಯೂ ಸೈಟು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಹೊಲವನ್ನು ತುಂಡು ಮಾಡಿ ಅಗ್ಗಕ್ಕೆ ಮಾರುವವರು ‘ಯಾವಾಗ ಬೇಕಾದರೂ ಮಾರಬಹುದು’ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಮೇಲೆ ಬ್ಯಾಂಕಿನ ಸಾಲ ಹುಟ್ಟುವುದಿಲ್ಲ, ನಕ್ಷೆಗೆ ಅನುಮೋದನೆ ಸಿಗುವುದಿಲ್ಲ, ಕಾಗದಪತ್ರ ನೋಡಿ ಕೊಳ್ಳುವವರು ಹತ್ತಿರ ಸುಳಿಯುವುದಿಲ್ಲ. ಕೊಂಡಾಗಿನ ಅಗ್ಗವನ್ನೇ ನಮ್ಯತೆಯೆಂದು ಎಣಿಸಿದವರು ಕೊನೆಗೆ ಇನ್ನೊಬ್ಬ ಅಮಾಯಕನನ್ನು ಹುಡುಕಬೇಕಾಗುತ್ತದೆ.

ಇನ್ನು ಕಂತಿನ ಮಾತು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನವೇ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಕೈಗೆ ಹಣ ಬಂದಾಗ ಸಾಲದಿಂದ ಹೊರಬರಲು ಇರುವ ಈ ದಾರಿಯನ್ನು ನಮ್ಯತೆ ಎನ್ನಲು ಅಡ್ಡಿಯಿಲ್ಲ. ತಿಂಗಳ ಮೊತ್ತ ಚಿಕ್ಕದಾಗಿ ಕಾಣಲೆಂದು ಅವಧಿಯನ್ನು ಇಪ್ಪತ್ತು ವರ್ಷಕ್ಕೆ ಎಳೆದ ಏರ್ಪಾಡಿಗಾದರೆ ‘ಸುಲಭ ಕಂತು’ ಎಂಬ ಹೆಸರು ಮೊದಲಿನಿಂದಲೂ ಇದೆ. ಫಲಕದ ಮೇಲೆ ಬರೆಸಲು ಅದಕ್ಕೆ ಜಾಗವೂ ಕಡಿಮೆ ಸಾಕು.