ಜ್ಯೇಷ್ಠಮಧುವಿಗೂ ಸೈಡ್ ಎಫೆಕ್ಟ್ ಇದೆ

"ಎದೆ ಉರೀತಾ ಇದ್ರೆ ಮಾತ್ರೆ ನುಂಗಬೇಡಿ, ಅದೆಲ್ಲಾ ಕೆಮಿಕಲ್. ಜ್ಯೇಷ್ಠಮಧು ತಗೊಳ್ಳಿ, ನ್ಯಾಚುರಲ್, ಸೈಡ್ ಎಫೆಕ್ಟೇ ಇಲ್ಲ" ಅನ್ನುವ ಮೆಸೇಜು ನಿಮಗೂ ಬಂದಿರುತ್ತದೆ. ಜ್ಯೇಷ್ಠಮಧು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಕೆಲಸ ಮಾಡುತ್ತದೆ. ಅದಕ್ಕೇ ಹುಷಾರಾಗಿರಬೇಕು.

ಕೆಮಿಕಲ್ ವಿಷಯಕ್ಕೆ ಬಂದರೆ, ಹೊಟ್ಟೆಯಲ್ಲಿರುವುದೇ ಹೈಡ್ರೋಕ್ಲೋರಿಕ್ ಆಸಿಡ್. ಇದನ್ನು 1824ರಲ್ಲೇ ಇಂಗ್ಲೆಂಡಿನ ವಿಲಿಯಂ ಪ್ರೌಟ್ ತೋರಿಸಿಕೊಟ್ಟಿದ್ದರು. ಎದೆಯುರಿಗೆ ಕುಡಿಯುವ ಅಡುಗೆ ಸೋಡಾ ಗಣಿಯಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ, ಆ ಆಸಿಡ್ ಜೊತೆ ಸೇರಿ ಉಪ್ಪು, ನೀರು, ಗ್ಯಾಸ್ ಆಗುತ್ತದೆ ಅಷ್ಟೇ.

ಈಗ ಜ್ಯೇಷ್ಠಮಧು ಬೇರಿಗೆ ಬರೋಣ. ಗ್ರಂಥಿಗೆ ಅಂಗಡಿಯ ಜ್ಯೇಷ್ಠಮಧು ಕಡ್ಡಿ ಮುರಿದು ನೋಡಿ. ಹೊರಗೆ ಕಂದು ಸಿಪ್ಪೆ, ಒಳಗೆ ಹಳದಿ ನಾರು. ಜಗಿದರೆ ಸಿಹಿ ನಿಧಾನಕ್ಕೆ ಬಂದು ತುಂಬಾ ಹೊತ್ತು ನಾಲಗೆ ಮೇಲೆ ಉಳಿಯುತ್ತದೆ. ಅದು ಗ್ಲಿಸರೈಜಿನ್ ಎಂಬ ಅಣುವಿನ ಸಿಹಿ. ಈ ಬೇರಿನ ಸಾರದಿಂದ ಹೊಟ್ಟೆಹುಣ್ಣು ಮಾಯುತ್ತದೆ ಎಂದು 1946ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್ ಬರೆದರು. ಕೆಲವರಿಗೆ ಮೈ ಊದಿಕೊಳ್ಳುತ್ತದೆ ಎಂದೂ ಅವರೇ ಬರೆದರು.

ಊದುವುದು ಯಾಕೆ? ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮೂತ್ರಪಿಂಡದಲ್ಲಿ ಒಂದು ಬೀಗ ಇದೆ ಅಂದುಕೊಳ್ಳಿ, ಆಲ್ಡೋಸ್ಟೆರೋನ್ ಎಂಬ ಹಾರ್ಮೋನು ಅದರ ಕೀಲಿ. ಬೀಗ ತೆರೆದರೆ ಸೋಡಿಯಂ ದೇಹದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಆದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಕೂಡ ಅದೇ ಬೀಗಕ್ಕೆ ಸರಿಯಾಗಿ ಕೂರುತ್ತದೆ, ಅದೂ ರಕ್ತದಲ್ಲಿ ನೂರಾರು ಪಟ್ಟು ಜಾಸ್ತಿ ಇರುತ್ತದೆ! ಹಾಗಾಗಿ ಅಲ್ಲೇ ಒಂದು ಕಿಣ್ವ ಕೂತು, ಬಂದ ಕಾರ್ಟಿಸಾಲನ್ನು ಬೀಗಕ್ಕೆ ಹೊಂದದ ಕಾರ್ಟಿಸೋನ್ ಆಗಿ ಬದಲಿಸುತ್ತಾ ಇರುತ್ತದೆ. ಜ್ಯೇಷ್ಠಮಧು ತಡೆಯುವುದು ಈ ಕಿಣ್ವವನ್ನೇ. ಆಗ ಬೀಗ ತೆರೆದೇ ಇರುತ್ತದೆ. ಉಪ್ಪು, ನೀರು ನಿಂತು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದೇ ಬೇರಿನ ಅಣುವನ್ನು ಸ್ವಲ್ಪ ಬದಲಿಸಿ ಕಾರ್ಬೆನೊಕ್ಸೊಲೋನ್ ಎಂಬ ಮಾತ್ರೆ ಮಾಡಿದರು. ಹುಣ್ಣು ಮಾಯಿತು, ಊತ ಮತ್ತು ಬಿಪಿಯೂ ಜೊತೆಗೇ ಬಂದವು. ಬೇರಾದರೂ ಮಾತ್ರೆಯಾದರೂ ತೊಂದರೆ ಒಂದೇ, ಅಲ್ವಾ? ಹೊಟ್ಟೆಯ ಆಸಿಡ್ ತಗ್ಗಿಸುವ ಮಾತ್ರೆಗಳು, 1976ರಲ್ಲಿ ಸಿಮೆಟಿಡಿನ್, 1988ರಲ್ಲಿ ಒಮೆಪ್ರಜೋಲ್, ಬಂದ ಮೇಲೆ ಕಾರ್ಬೆನೊಕ್ಸೊಲೋನ್ ಮೂಲೆಗೆ ಸೇರಿತು. ಒಮೆಪ್ರಜೋಲ್ ಪೂರ್ತಿ ಕಾರ್ಖಾನೆಯದೇ, ಆದರೆ ಆಸಿಡ್ ಸುರಿಸುವ ಪಂಪಿಗೇ ನೇರವಾಗಿ ಅಂಟಿಕೊಳ್ಳುತ್ತದೆ, ಮೂತ್ರಪಿಂಡದ ಆ ಕಿಣ್ವದ ತಂಟೆಗೆ ಹೋಗುವುದಿಲ್ಲ. ಹಾಗಂತ ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗಿದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು.

ನನಗೆ ನಿಜವಾಗಿ ಭಯ ಇರುವುದು ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ತೆಗೆದುಕೊಳ್ಳುವ ಹಿರಿಯರ ಬಗ್ಗೆ. ಅಂಥ ಎಷ್ಟೋ ಮಾತ್ರೆಗಳೂ ಪೊಟ್ಯಾಸಿಯಂ ಇಳಿಸುತ್ತವೆ. ಅದರ ಮೇಲೆ ದಿನಾ ಜ್ಯೇಷ್ಠಮಧು ಕಷಾಯ ಕುಡಿದರೆ ಪೊಟ್ಯಾಸಿಯಂ ತೀರಾ ಇಳಿದು ಎದೆಬಡಿತವೇ ತಪ್ಪಬಹುದು. ಮನೆಯಲ್ಲಿ ಅಂಥವರಿದ್ದರೆ ಕಷಾಯದ ವಿಷಯವನ್ನೂ ಡಾಕ್ಟರಿಗೆ ಹೇಳಿ.