ಸ್ಪ್ರೇ ಹೊಡೆದರೂ ಇದ್ದಿಲು ಇದ್ದಿಲೇ

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಮುಗಿದ ಮರುವಾರವೇ ನಮ್ಮ ಫ್ರೇಮ್ ಅಂಗಡಿಗೆ ಸುರುಳಿ ಸುತ್ತಿದ ಚಿತ್ರಗಳು ಬರತೊಡಗುತ್ತವೆ. ಒಳಗಿರುವುದು ಚಾರ್ಕೋಲ್, ಅಂದರೆ ಇದ್ದಿಲಿನ ಚಿತ್ರವಾದರೆ ರಬ್ಬರ್ ಬ್ಯಾಂಡ್ ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಸುರುಳಿಯ ಬಾಯಲ್ಲಿ ಕಪ್ಪು ಪುಡಿ ಕೂತಿರುತ್ತದೆ. ಯಾಕೆ ಹೀಗೆ ಸುತ್ತಿ ತಂದಿರಿ ಎಂದರೆ ಎಲ್ಲರದೂ ಒಂದೇ ಉತ್ತರ: "ಏನೂ ಆಗಲ್ಲ ಸಾರ್, ಸ್ಪ್ರೇ ಹೊಡೆದಿದೆ."

ಪುಡಿ ಉದುರದಿರಲೆಂದು ಚಿತ್ರದ ಮೇಲೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಬಗ್ಗೆ ಈ ಮಾತು ಕೇಳಿ ಕೇಳಿ ಬೇಸತ್ತು ಬರೆಯುತ್ತಿದ್ದೇನೆ.

ಜಲವರ್ಣದಲ್ಲಿ ಗೋಂದು ಇರುತ್ತದೆ, ತೈಲವರ್ಣದಲ್ಲಿ ಎಣ್ಣೆ. ಬಣ್ಣವನ್ನು ಹಿಡಿದಿಡುವುದು ಅವೇ. ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಲ್ಲಿ ಅಂಥದ್ದೇನೂ ಇಲ್ಲ. ಕಂಬಳಿಯ ಮೇಲೆ ರಾಗಿ ಹಿಟ್ಟು ಚೆಲ್ಲಿದ್ದನ್ನು ನೆನೆಸಿಕೊಳ್ಳಿ. ಕೊಡವಿದರೆ ಮೇಲಿನ ಹಿಟ್ಟು ಉದುರುತ್ತದೆ, ನೇಯ್ಗೆಯ ಸಂದಿಗೆ ಇಳಿದದ್ದು ಉಳಿಯುತ್ತದೆ. ಕಾಗದದ ತರಿಯಲ್ಲಿ ಇದ್ದಿಲು ಕೂರುವುದೂ ಹೀಗೆಯೇ. ಅಂಟು ಬೆರೆಸಿ ಒತ್ತಿದ ಕಡ್ಡಿಗಳು ಸ್ವಲ್ಪ ಗಟ್ಟಿಯಾಗಿ ಹಿಡಿಯುತ್ತವೆ, ಆದರೆ ಅವನ್ನೂ ನಂಬಿ ಉಜ್ಜುವಂತಿಲ್ಲ.

ಈಗ ಆ ಹಿಟ್ಟಿನ ಮೇಲೆ ನೀರು ಚಿಮುಕಿಸಿ. ಅಲ್ಲಲ್ಲಿ ಹಿಟ್ಟು ಕಚ್ಚಿಕೊಳ್ಳುತ್ತದೆ, ಕೈಯಾಡಿಸಿದರೆ ಮತ್ತೆ ಬರುತ್ತದೆ. ಫಿಕ್ಸೆಟಿವ್ ಮಾಡುವ ಕೆಲಸ ಇಷ್ಟೇ. ದ್ರಾವಕದಲ್ಲಿ ಕರಗಿದ ರಾಳ ಅದು. ದ್ರಾವಕ ಆರಿದ ಮೇಲೆ ಉಳಿಯುವ ಚೂರು ರಾಳ ಕಣಗಳನ್ನು ಅಲ್ಲಲ್ಲಿ ಹಿಡಿಯುತ್ತದೆ. ಚಿತ್ರದ ಮೇಲೆ ಗಾಜಿನಂಥ ಪದರವೇನೂ ಕಟ್ಟುವುದಿಲ್ಲ.

ಹಾಗಾದರೆ ಇನ್ನೂ ನಾಲ್ಕು ಸಲ ಹೊಡೆಯೋಣ ಎನ್ನುವವರಿದ್ದಾರೆ. ಒಬ್ಬ ಹುಡುಗ ತನ್ನ ಅಜ್ಜಿಯನ್ನು ಬರೆದಿದ್ದ. ನೆರೆಗೂದಲಿನ ಹೊಳಪು, ಮೂಗುತಿಯ ಮಿಂಚು ಎಲ್ಲವನ್ನೂ ಬಿಳಿ ಚಾಕ್‌ನಲ್ಲಿ ಎಷ್ಟು ಚೆನ್ನಾಗಿ ತಂದಿದ್ದನೆಂದರೆ, ಅವನು ಫೋನಿನಲ್ಲಿ ತೋರಿಸಿದಾಗ ನಾನು ಕೆಲಸ ಬಿಟ್ಟು ನೋಡಿದ್ದೆ. ಆಮೇಲೆ ಡಬ್ಬಿ ಅರ್ಧ ಖಾಲಿಯಾಗುವಷ್ಟು ಸ್ಪ್ರೇ ಹೊಡೆದು ತಂದ. ಚಾಕ್ ರಾಳ ಕುಡಿದು ಪಾರದರ್ಶಕವಾಗಿತ್ತು. ಅಜ್ಜಿಯ ಕೂದಲು ಮಂಕಾಗಿ, ಕೆನ್ನೆಯ ನಸುಗಪ್ಪು ಕಡುಗಪ್ಪಾಗಿತ್ತು. ಹುಡುಗ ಮಾತಾಡದೆ ನಿಂತಿದ್ದ. ಮನೆಗೆ ಒಯ್ದು ಬಿಳಿಯನ್ನಷ್ಟೇ ಮತ್ತೆ ಮೇಲೆ ಮುಟ್ಟಿಸು, ಆಮೇಲೆ ಸ್ಪ್ರೇ ಬೇಡ ಎಂದೆ. ಮುಕ್ಕಾಲು ಪಾಲು ಮರಳಿ ಬಂತು. ಹೊಡೆಯಲೇಬೇಕೆಂದರೆ ಗಾಳಿಯಾಡುವ ಕಡೆ, ಸುಮಾರು 30 ಸೆಂಟಿಮೀಟರ್ ದೂರದಿಂದ, ತೆಳುವಾಗಿ ಒಂದೆರಡು ಸಲ. ಅದೂ ಬೇರೊಂದು ಹಾಳೆಯಲ್ಲಿ ನೋಡಿಕೊಂಡು. ಹೇರ್‌ಸ್ಪ್ರೇ ಮಾತ್ರ ಬೇಡ. ವರ್ಷಗಳು ಕಳೆದಂತೆ ಅದು ಹಳದಿ ತಿರುಗುವ ಭಯವಿದೆ.

ಚಿತ್ರವನ್ನು ಉಳಿಸುವುದು ಅದನ್ನು ಯಾವುದೂ ಮುಟ್ಟದಂತೆ ಹಾಕಿದ ಕಟ್ಟು. ಗಾಜು ಚಿತ್ರಕ್ಕೆ ತಾಗಿದರೆ ಪುಡಿ ಗಾಜಿಗೆ ಹತ್ತುತ್ತದೆ, ಮಳೆಗಾಲದಲ್ಲಿ ಗಾಜಿನ ಒಳಗೆ ಬೆವರಿ ಕಾಗದ ಅಂಟಿಕೊಳ್ಳುತ್ತದೆ. ಅದಕ್ಕೇ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನಂತೆ ಕಾಣುವ ದಪ್ಪ ರಟ್ಟು, ಇಡುತ್ತೇವೆ. ಚಾರ್ಕೋಲ್ ಆದರೆ ಮೌಂಟಿನ ಹಿಂದೆ, ಹೊರಗೆ ಕಾಣದ ಹಾಗೆ, ಇನ್ನೊಂದು ಪಟ್ಟಿ ಸೇರಿಸಿ ಸಣ್ಣ ಸಂದಿ ಬಿಡುತ್ತೇನೆ. ವರ್ಷಗಟ್ಟಲೆ ಗೋಡೆಯಲ್ಲಿ ತೂಗುವಾಗ ಉದುರುವ ಪುಡಿ ಮೌಂಟಿನ ಬಿಳಿ ಅಂಚಿನ ಮೇಲೆ ಕೂರದೆ ಆ ಸಂದಿಗೆ ಇಳಿಯುತ್ತದೆ. ಇದಕ್ಕೆ ಕೇಳುವ ಹೆಚ್ಚಿನ ದುಡ್ಡಿಗೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಒಡೆಯುವುದಿಲ್ಲ ಎಂದು ಗಾಜಿನ ಬದಲು ಅಕ್ರಿಲಿಕ್ ಹಾಳೆ ಕೇಳುತ್ತಾರೆ. ಬಟ್ಟೆಯಿಂದ ಒರೆಸಿದರೆ ಸಾಕು, ಅದರಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಪುಡಿಯನ್ನು ಎಳೆದುಕೊಳ್ಳುತ್ತದೆ. ತೀರಾ ದೊಡ್ಡ ಚಿತ್ರಕ್ಕೆ ಗಾಜಿನ ಭಾರ ಹೆಚ್ಚಾಗುತ್ತದೆ, ನಿಜ. ಅಂಥದ್ದಕ್ಕೆ ಸ್ಥಾಯೀ ವಿದ್ಯುತ್ ತಡೆಯುವ ದುಬಾರಿ ಹಾಳೆ ಬೇರೆ ಇದೆ. ಲ್ಯಾಮಿನೇಷನ್ ಮಾಡಿಸಿ ತಂದರೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಪ್ಲಾಸ್ಟಿಕ್ ಕಿತ್ತರೆ ಅದರ ಜೊತೆ ಚಿತ್ರವೂ ಬರುತ್ತದೆ.

ಇದ್ದಿಲು ಬೆಳಕಿಗೆ ಮಾಸುವುದಿಲ್ಲ, ಅದು ಬರೀ ಇಂಗಾಲ. ಲಿಯೊನಾರ್ಡೊ ಡಾ ವಿಂಚಿ ಎಂಟು ಹಾಳೆಗಳನ್ನು ಅಂಟಿಸಿ ಇದ್ದಿಲು, ಚಾಕ್‌ಗಳಲ್ಲಿ ಬರೆದ ಮೇರಿ ಮತ್ತು ಮಗುವಿನ ಚಿತ್ರ 500 ವರ್ಷಗಳ ಮೇಲೂ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿ ಬೆಳಕನ್ನು ಮಂದ ಮಾಡಿರುವುದು ಕಾಗದದ ಸಲುವಾಗಿ.

ಹೋದ ವರ್ಷ ಶಿರಸಿ ಕಡೆಯ ಒಬ್ಬ ಅಕ್ಕ ತಮ್ಮ ತಂದೆ ಬರೆದ ಚಿತ್ರ ತಂದರು. ಎರಡು ರಟ್ಟಿನ ನಡುವೆ, ಮೇಲೊಂದು ಬಟರ್ ಪೇಪರ್ ಇಟ್ಟು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. 40 ವರ್ಷದ ಹಿಂದಿನ ಚಿತ್ರ, ಒಂದು ಹನಿ ಸ್ಪ್ರೇ ಕಂಡದ್ದಲ್ಲ. ಪೇಪರ್ ಎತ್ತಿದರೆ ಅದಕ್ಕೆ ಹತ್ತಿದ್ದು ತೆಳು ಬೂದು ನೆರಳು, ಅಷ್ಟೇ. "ಈಗಾದರೂ ಸ್ಪ್ರೇ ಹೊಡೀಬೇಕಾ?" ಎಂದು ಕೇಳಿದರು. ಬೇಡ ಎಂದೆ. ಗಾಜು ಹಾಕಿ, ಕೆಳಗಿನ ಎರಡು ಮೂಲೆಗೆ ಬಿರಡೆ ಚೂರು ಅಂಟಿಸಿ ಕೊಟ್ಟೆ, ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡಲಿ ಎಂದು. ಮಳೆ ಬಡಿಯುವ ಪಡುವಣ ಗೋಡೆ ಬಿಟ್ಟು ನಡುಮನೆಯಲ್ಲಿ ತೂಗುಹಾಕಿ ಎಂದೆ. ಅಲ್ಲೇ ಹಾಕಿದ್ದಾರಂತೆ, ದೀಪಾವಳಿಗೆ ಫೋನ್ ಮಾಡಿ ಹೇಳಿದರು.