ಕೊಡಗಿನ ತಗ್ಗು ಮೋಡ, ಕನ್ನಂಬಾಡಿಯ ಲೆಕ್ಕ

ಪುನರ್ವಸು ಮಳೆ ಹಿಡಿಯಿತೆಂದರೆ ಮಂಡ್ಯ ಕಡೆಯವರ ಕಣ್ಣೆಲ್ಲ ಕನ್ನಂಬಾಡಿ ಕಟ್ಟೆಯ ಮೇಲೆ. ಇವತ್ತು ಎಷ್ಟಡಿ, ಒಳಹರಿವು ಎಷ್ಟು ಕ್ಯೂಸೆಕ್, ನಾಲೆಗೆ ನೀರು ಯಾವಾಗ? ಭತ್ತದ ಒಟ್ಲು ಹಾಕುವುದು ಈ ಉತ್ತರ ನೋಡಿಕೊಂಡೇ. ನೀರು ಬಂದ ಮೇಲೆ ಹೇಳುವುದು ಸುಲಭ. ನಾಲ್ಕು ದಿನ ಮೊದಲೇ ಹೇಳಬೇಕಾದರೆ ಉಪಗ್ರಹದ ನೆರವು ಬೇಕು. ಆದರೆ ಉಪಗ್ರಹ ಹೆಚ್ಚು ಎಡವುವುದು ಕೊಡಗಿನ ಬೆಟ್ಟಸಾಲಿನಲ್ಲಿ, ನಮ್ಮ ನೀರು ಹುಟ್ಟುವ ಜಾಗದಲ್ಲೇ.

2024ರ ಫೆಬ್ರವರಿಯಲ್ಲಿ ಹಾರಿದ ಇನ್‌ಸ್ಯಾಟ್-3ಡಿಎಸ್‌ನಂಥ ಉಪಗ್ರಹ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂದು ಅಳೆಯುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಮಳೆ ಜೋರು ಎಂಬುದು ಲೆಕ್ಕ. ಮೇ ತಿಂಗಳ ಗುಡುಗು ಮಳೆಗೆ ಇದು ಬಹುಮಟ್ಟಿಗೆ ಸರಿ. ಭಾಗಮಂಡಲದ ಜಡಿಮಳೆ ಹಾಗಲ್ಲ. ಅರಬ್ಬಿ ಸಮುದ್ರದ ತೇವದ ಗಾಳಿ ಬೆಟ್ಟ ಹತ್ತುವಾಗ ತಗ್ಗಿನಲ್ಲೇ ಮೋಡ ಕಟ್ಟಿ, ನೆತ್ತಿ ಅಷ್ಟು ತಣ್ಣಗಾಗದೆಯೇ ಸುರಿಯುತ್ತದೆ. ಬೇರೆ ಉಪಗ್ರಹಗಳ ಮೈಕ್ರೋವೇವ್ ಉಪಕರಣ ನೆಲದ ಮೇಲಿನ ಮಳೆಗೆ ಮೋಡದೊಳಗಿನ ಹಿಮಕಣವನ್ನೇ ಹೆಚ್ಚಾಗಿ ನೆಚ್ಚಿಕೊಂಡಿದೆ. ಈ ಮೋಡದಲ್ಲಿ ಹಿಮ ಕಡಿಮೆ. ಮಳೆ ಅಳೆಯಲೆಂದೇ ಇರುವ ಜಿಪಿಎಂ ಉಪಗ್ರಹದ ರೇಡಾರ್‌ಗೆ ಬೆಟ್ಟದ ಪ್ರತಿಧ್ವನಿಯೇ ಅಡ್ಡ ಬರುತ್ತದೆ, ನೆಲಕ್ಕೆ ಹತ್ತಿರದ ಮಳೆ ಅದರಲ್ಲಿ ಮುಚ್ಚಿಹೋಗುತ್ತದೆ.

ಕಟ್ಟೆಯ ಜಲಾನಯನ ಪ್ರದೇಶ ಸುಮಾರು 10,600 ಚದರ ಕಿ.ಮೀ. ಅಷ್ಟಗಲಕ್ಕೂ 10 ಮಿ.ಮೀ. ಮಳೆ ತಪ್ಪಿ ಲೆಕ್ಕಕ್ಕೆ ಬಾರದಿದ್ದರೆ, ನೆಲಕ್ಕೆ ಬಿದ್ದ 3.7 ಟಿಎಂಸಿ ನೀರು ಕೈಬಿಟ್ಟಂತೆ. ಕಟ್ಟೆ ತುಂಬಿ 124.80 ಅಡಿ ಮುಟ್ಟಿದಾಗಲೂ ಇರುವುದು 49.45 ಟಿಎಂಸಿ.

ತಿದ್ದುವ ದಾರಿ ಇದೆ. ಹಲವು ಉಪಗ್ರಹಗಳ ಅಳತೆ ಬೆಸೆದು ಮಾಡುವ ಮಳೆ ಅಂದಾಜು, ಅಂದರೆ ಜಿಪಿಎಂನ ಐಮರ್ಗ್ ದತ್ತಾಂಶ, ಅರ್ಧ ಗಂಟೆಗೊಂದರಂತೆ, ಸುಮಾರು 10 ಕಿ.ಮೀ. ಚೌಕದಲ್ಲಿ ಸಿಗುತ್ತದೆ, ಮೊದಲ ಆವೃತ್ತಿಗೆ ನಾಲ್ಕು ಗಂಟೆ ಕಾದರೆ ಸಾಕು. ಅದನ್ನು ಗ್ರಾಮ ಪಂಚಾಯಿತಿಗಳ, ಅಂಕಿಯನ್ನು ತಾನೇ ಕಳಿಸುವ ಟೆಲಿಮೆಟ್ರಿಕ್ ಮಳೆಮಾಪಕಕ್ಕೆ ಹೊಂದಿಸಬೇಕು. ಮೊದಲ ತಪ್ಪು ಆಗುವುದು ಗಡಿಯಾರದಲ್ಲಿ. ನಮ್ಮ ಮಳೆಯ ದಿನ ಬೆಳಗ್ಗೆ 8.30ರಿಂದ 8.30, ಐಮರ್ಗ್ ನಡೆಯುವುದು ಗ್ರೀನಿಚ್ ವೇಳೆಯಲ್ಲಿ. ನಮ್ಮ 8.30 ಅಲ್ಲಿನ ನಸುಕಿನ 3 ಗಂಟೆ, ಆಗಿನಿಂದ ಅರ್ಧ ಗಂಟೆಯ 48 ತುಣುಕು ಕೂಡಿಸಬೇಕು. ಅಲ್ಲಿನ ನಡುರಾತ್ರಿಯಿಂದ ಕೂಡಿಸಿದರೆ ಒಂದು ದಿನದ ಮಳೆ ಇನ್ನೊಂದು ದಿನದೊಳಗೆ ನುಗ್ಗುತ್ತದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಮಾಪಕ ಎರಡರಷ್ಟು ತೋರಿಸಿದರೆ ಉಪಗ್ರಹದ ಅಂಕಿಯನ್ನೂ ಎರಡರಿಂದ ಗುಣಿಸಿಬಿಡುವವರಿದ್ದಾರೆ. ಉಪಗ್ರಹ ಸೊನ್ನೆ ಎಂದ ಕಡೆ ಎಷ್ಟರಿಂದ ಗುಣಿಸಿದರೂ ಸೊನ್ನೆಯೇ, ತಗ್ಗು ಮೋಡದಡಿ ಆಗುವುದೇ ಅದು. ಅಲ್ಲಿ ಮಾಪಕಕ್ಕೂ ಉಪಗ್ರಹಕ್ಕೂ ಇರುವ ವ್ಯತ್ಯಾಸವನ್ನು ಕೂಡಿಸಬೇಕು. ಮಡಿಕೇರಿ ಕಡೆಗೂ ಪಿರಿಯಾಪಟ್ಟಣದ ಬಯಲಿಗೂ ಒಂದೇ ತಿದ್ದುಪಡಿ ಒಗ್ಗುವುದಿಲ್ಲ, ಬೇರೆ ಬೇರೆಯೇ ಇರಬೇಕು.

ಮಾಪಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೊಳವೆಬಾಯಿಗೆ ಒಂದು ಎಲೆ ಅಂಟಿಕೊಂಡರೆ ನೀರು ಮೇಲೇ ನಿಂತು, ಮಳೆ ಬಿಟ್ಟ ಮೇಲೂ ತೊಟ್ಟಿಕ್ಕುತ್ತಿರುತ್ತದೆ. ಕೆಳಗಿನ ಪುಟ್ಟ ಬಟ್ಟಲು ಎಷ್ಟು ಸಲ ಮಗುಚಿತು ಎಂದು ಎಣಿಸಿಯೇ ಮಾಪಕ ಮಳೆ ಅಳೆಯುವುದು. ಆಗ ಅದು ಒಂದೇ ಗತಿಯಲ್ಲಿ ಮಗುಚುತ್ತದೆ, ನಕ್ಷೆಯಲ್ಲಿ ಹಗಲೆಲ್ಲ ಸೋನೆ ಹಿಡಿದಂತೆ ಕಾಣುತ್ತದೆ. ಏರಿಳಿತವೇ ಇಲ್ಲದ ಮಳೆ ಕಂಡರೆ ಆ ಮಾಪಕವನ್ನು ಬದಿಗಿಡಿ, ಯಾರಾದರೂ ಹೋಗಿ ನೋಡಲಿ.

ಮುಂದಿನ ಸಂಶೋಧನೆಯ ಹೆಚ್ಚು ಶ್ರಮ ಹೋಗಬೇಕಾದದ್ದು ಮಣ್ಣಿನ ತೇವದ ಕಡೆಗೆ. ಜೂನ್‌ನ ಒಣನೆಲ ಹೀರಿಕೊಳ್ಳುವ ಮಳೆಯೇ ಪುಷ್ಯದಲ್ಲಿ ಬಿದ್ದರೆ ನೇರ ಹೊಳೆಗೆ ಇಳಿಯುತ್ತದೆ. 2015ರ ಸ್ಮ್ಯಾಪ್ ಉಪಗ್ರಹ ಮೇಲಿನ 5 ಸೆಂ.ಮೀ. ಮಣ್ಣಿನ ತೇವ ಅಳೆಯುತ್ತದೆ, ಆದರೆ ಸುಮಾರು 36 ಕಿ.ಮೀ. ಅಗಲದ ಸರಾಸರಿ ಅದು. ಕಾಡು, ಕಾಫಿ ತೋಟ, ಗದ್ದೆ ಎಲ್ಲ ಒಂದೇ ಅಂಕಿಯಲ್ಲಿ ಕಲಸಿಹೋಗುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ರೇಡಾರ್ ಉಪಗ್ರಹ ನೈಸಾರ್ ಇದನ್ನು ಹೊಲಗದ್ದೆಯ ಅಳತೆಗೆ ಇಳಿಸಬಲ್ಲದು. ಅದರ 24 ಸೆಂ.ಮೀ. ತರಂಗ ಎಲೆಯ ಹೊದಿಕೆಯನ್ನು ಸಣ್ಣ ತರಂಗಗಳಿಗಿಂತ ಚೆನ್ನಾಗಿ ದಾಟುತ್ತದೆ. ಆದರೂ ಆಳೆತ್ತರದ ಕಬ್ಬಿನ ಕೆಳಗೆ, ನೀರು ನಿಂತ ಗದ್ದೆಯಲ್ಲಿ ಅದರ ಅಂಕಿಯನ್ನು ಹಾಗೇ ತೆಗೆದುಕೊಳ್ಳುವಂತಿಲ್ಲ. ಬೆಳೆ ನಕ್ಷೆ ಜೊತೆಗಿಟ್ಟುಕೊಂಡು ಅಂಥ ಜಾಗ ಮೊದಲೇ ಕಳೆಯಬೇಕು. ಒಂದೇ ಜಾಗಕ್ಕೆ ಅದೇ ಕೋನದಲ್ಲಿ ಮರಳಲು ಅದಕ್ಕೆ 12 ದಿನ ಬೇಕು. ನಡುವಿನ ದಿನಗಳನ್ನು ಮಳೆ ಲೆಕ್ಕದಿಂದಲೇ ತುಂಬಬೇಕು.

ಹಾರಂಗಿ, ಹೇಮಾವತಿ ಜಲಾಶಯಗಳ ಗೇಟು ಎಷ್ಟು ಎತ್ತುತ್ತಾರೆ ಎಂಬುದು ಮಾತ್ರ ಯಾವ ಉಪಗ್ರಹಕ್ಕೂ ಮುಂಚಿತವಾಗಿ ಕಾಣದು. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಗೇಟಿನಿಂದ ಎಷ್ಟು ನೀರು ಬಿಟ್ಟರೆಂಬ ಅಂಕಿ ಹೊತ್ತಿಗೆ ಸರಿಯಾಗಿ ಕೈಗೆ ಸಿಗದಿದ್ದರೆ ಮಳೆಯ ಲೆಕ್ಕವನ್ನು ಎಷ್ಟು ತಿದ್ದಿದರೂ ಒಳಹರಿವಿನ ಮುನ್ಸೂಚನೆ ತಾಳೆಯಾಗುವುದಿಲ್ಲ.